ಮದ್ದು ಮೊದಲು ಸಿಕ್ಕಿತು, ಕಾರಣ ಇನ್ನೂ ಸಿಗುತ್ತಿದೆ: ಖಿನ್ನತೆಯ ಗುಳಿಗೆಗಳ ಇತಿಹಾಸ

ಖಿನ್ನತೆಗೆ ವೈದ್ಯರು ಬರೆದುಕೊಡುವ ಗುಳಿಗೆಯಲ್ಲಿ ಒಂದು ಒಗಟಿದೆ. ನುಂಗಿದ ಕೆಲವೇ ಗಂಟೆಗಳಲ್ಲಿ ಅದು ಮಿದುಳನ್ನು ತಲುಪುತ್ತದೆ. ಅಲ್ಲಿನ ನರಕೋಶಗಳ ನಡುವೆ ಸೆರೊಟೋನಿನ್‌ನಂತಹ ರಾಸಾಯನಿಕಗಳು ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ಅಂದರೆ ಮೊದಲ ದಿನವೇ ಅದರ ಕೆಲಸ ಶುರುವಾಗಿರುತ್ತದೆ. ಆದರೆ ಅದನ್ನು ನುಂಗಿದವರಿಗೆ ಬೆಳಗ್ಗೆ ಹಾಸಿಗೆಯಿಂದ ಏಳುವುದು ಒಂದಿಷ್ಟು ಹಗುರವೆನಿಸಲು ಎರಡು ವಾರವೋ ನಾಲ್ಕು ವಾರವೋ, ಕೆಲವೊಮ್ಮೆ ಆರು ವಾರವೋ ಹಿಡಿಯುತ್ತದೆ. ರಾಸಾಯನಿಕದ ಕೊರತೆಯೇ ಕಾಯಿಲೆಯಾಗಿದ್ದರೆ, ಕೊರತೆ ತುಂಬಿದ ದಿನವೇ ಕಾಯಿಲೆಯೂ ಇಳಿಯಬೇಕಿತ್ತಲ್ಲವೇ?

"ನಿಮ್ಮ ಮಿದುಳಿನಲ್ಲಿ ಸೆರೊಟೋನಿನ್ ಕಡಿಮೆಯಾಗಿದೆ, ಈ ಮಾತ್ರೆ ಅದನ್ನು ಸರಿಪಡಿಸುತ್ತದೆ" ಎಂಬ ವಿವರಣೆಯನ್ನು ಕೇಳದವರು ಕಡಿಮೆ. ಕೇಳಿದವರು ಸಮಾಧಾನಪಟ್ಟಿದ್ದಾರೆ ಕೂಡ: ತನ್ನದು ಸೋಮಾರಿತನವಲ್ಲ, ಮನೋಬಲದ ಕೊರತೆಯಲ್ಲ, ದೇಹದ ಒಂದು ತೊಂದರೆ ಎಂದು. ಆ ಸಮಾಧಾನಕ್ಕೆ ಬೆಲೆಯಿದೆ. ಆದರೆ ಆ ವಿವರಣೆ ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋದರೆ ಕಾಣುವುದು ತಿರುಗುಮುರುಗಾದ ಕಥೆ. ಕಾಯಿಲೆಯ ಕಾರಣವನ್ನು ಕಂಡುಹಿಡಿದು ಅದಕ್ಕೆ ಯಾರೂ ಮದ್ದು ಮಾಡಲಿಲ್ಲ. ಬೇರೇನನ್ನೋ ಹುಡುಕುವಾಗ ಮದ್ದು ಸಿಕ್ಕಿತು. ಕಾರಣವನ್ನು ಆಮೇಲೆ ಆ ಮದ್ದಿನಿಂದ ಊಹಿಸಲಾಯಿತು.

1950ರ ದಶಕಕ್ಕೆ ಮೊದಲು ಖಿನ್ನತೆಗೆಂದೇ ಔಷಧವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ವೈದ್ಯರು ತೀವ್ರ ವಿಷಣ್ಣತೆಗೆ ಅಫೀಮಿನ ದ್ರಾವಣ ಕೊಡುತ್ತಿದ್ದರು. 1930ರ ದಶಕದಲ್ಲಿ ಆಂಫೆಟಮಿನ್ ಬಂತು. ಅದು ಹುರುಪು ತರುತ್ತಿತ್ತು, ಚಟವನ್ನೂ ಹತ್ತಿಸುತ್ತಿತ್ತು. 1938ರಲ್ಲಿ ರೋಮ್‌ನಲ್ಲಿ ಉಗೊ ಚೆರ್ಲೆಟ್ಟಿ ಮತ್ತು ಲೂಚೊ ಬಿನಿ ವಿದ್ಯುತ್ ಕಂಪನ ಚಿಕಿತ್ಸೆಯನ್ನು ಆರಂಭಿಸಿದರು. ತೀವ್ರ ಖಿನ್ನತೆಯಲ್ಲಿ ಅದು ನಿಜಕ್ಕೂ ಪರಿಣಾಮಕಾರಿ, ಇಂದಿಗೂ ಬಳಕೆಯಲ್ಲಿದೆ. ಆದರೆ ಅಂದು ಅರಿವಳಿಕೆಯಿಲ್ಲದೆ ನಡೆಯುತ್ತಿದ್ದ ಆ ಚಿಕಿತ್ಸೆಯ ಭಯ ಬಹುಕಾಲ ಉಳಿಯಿತು. ಉಳಿದವರ ಪಾಲಿಗೆ ಇದ್ದದ್ದು ಆಸ್ಪತ್ರೆಯ ಗೋಡೆಗಳು ಮತ್ತು ಕಾಯುವಿಕೆ.

ಕ್ಷಯದ ವಾರ್ಡಿನ ನಗು

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ರಾಕೆಟ್ ಇಂಧನವಾಗಿ ಬಳಸಿದ್ದ ಹೈಡ್ರಜೀನ್ ಯುದ್ಧ ಮುಗಿದ ಮೇಲೆ ಔಷಧ ಕಂಪನಿಗಳಿಗೆ ಅಗ್ಗದ ಕಚ್ಚಾವಸ್ತುವಾಗಿ ಸಿಕ್ಕಿತು. ಅದರಿಂದ ಹುಟ್ಟಿಬರುವ ರಾಸಾಯನಿಕಗಳಲ್ಲಿ ಐಸೊನಿಯಜಿಡ್ ಮತ್ತು ಇಪ್ರೊನಿಯಜಿಡ್ ಎಂಬ ಎರಡು ಕ್ಷಯದ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ ಎಂಬುದು ಗೊತ್ತಾಯಿತು. ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನಲ್ಲಿರುವ ಸೀ ವ್ಯೂ ಆಸ್ಪತ್ರೆಯಲ್ಲಿ, ಬದುಕುವ ಆಸೆಯನ್ನೇ ಬಿಟ್ಟಿದ್ದ ಕ್ಷಯರೋಗಿಗಳಿಗೆ ಅವನ್ನು ಕೊಟ್ಟು ನೋಡಲಾಯಿತು. 1952ರಲ್ಲಿ ಪತ್ರಿಕೆಗಳು ಆ ವಾರ್ಡಿನ ಚಿತ್ರಗಳನ್ನು ಅಚ್ಚುಮಾಡಿದವು: ಹಾಸಿಗೆ ಹಿಡಿದಿದ್ದವರು ಎದ್ದು ನಗುತ್ತಿದ್ದಾರೆ, ಕುಣಿಯುತ್ತಿದ್ದಾರೆ. ಊಟ ಸಾಲದೆನ್ನುತ್ತಿದ್ದಾರೆ, ಮನೆಗೆ ಕಳಿಸಿ ಎನ್ನುತ್ತಿದ್ದಾರೆ.

ಕ್ಷಯದ ವೈದ್ಯರ ದೃಷ್ಟಿಯಲ್ಲಿ ಈ ಉತ್ಸಾಹ ಒಂದು ಅಡ್ಡಪರಿಣಾಮ. ಅದೂ ಬೇಡವಾದ ಅಡ್ಡಪರಿಣಾಮ, ಏಕೆಂದರೆ ಕ್ಷಯರೋಗಿಗೆ ವಿಶ್ರಾಂತಿ ಬೇಕು. ಆದರೆ ಸಿನ್ಸಿನಾಟಿಯ ಮ್ಯಾಕ್ಸ್ ಲೂರಿ ಮತ್ತು ಪ್ಯಾರಿಸ್‌ನ ಜಾನ್ ದೆಲೆ ಅವರಂತಹ ಮನೋವೈದ್ಯರಿಗೆ ಅದು ಬೇರೆಯಾಗಿ ಕಂಡಿತು. ಐಸೊನಿಯಜಿಡ್ ಅನ್ನು ಖಿನ್ನತೆಯಿದ್ದವರಿಗೆ ಕೊಟ್ಟು ಪರೀಕ್ಷಿಸಿದವರಲ್ಲಿ ಇವರು ಮೊದಲಿಗರು. ಅದೇ 1952ರಲ್ಲಿ ಶಿಕಾಗೊದಲ್ಲಿ ಅರ್ನ್ಸ್ಟ್ ಝೆಲ್ಲರ್ ಇನ್ನೊಂದು ವಿಷಯ ಕಂಡುಕೊಂಡರು: ಮೊನೊಅಮಿನ್ ಆಕ್ಸಿಡೇಸ್ ಎಂಬ ಕಿಣ್ವದ ಕೆಲಸವನ್ನು ಇಪ್ರೊನಿಯಜಿಡ್ ನಿಲ್ಲಿಸುತ್ತದೆ. ಈ ಕಿಣ್ವ ಸೆರೊಟೋನಿನ್, ನಾರ್‌ಅಡ್ರಿನಲಿನ್ ಮುಂತಾದ ಮಿದುಳಿನ ರಾಸಾಯನಿಕಗಳನ್ನು ಒಡೆದು ಹಾಕುತ್ತದೆ.

1957ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಕ್‌ಲ್ಯಾಂಡ್ ಆಸ್ಪತ್ರೆಯ ನೇಥನ್ ಕ್ಲೈನ್ ಮತ್ತು ಸಂಗಡಿಗರು ಇಪ್ರೊನಿಯಜಿಡ್‌ನಿಂದ ಖಿನ್ನತೆ ಇಳಿಯುತ್ತದೆಂದು ವರದಿ ಮಾಡಿದರು. ಕ್ಷಯದ ಮದ್ದಾಗಿ ಅದು ಆಗಲೇ ಅಂಗಡಿಗಳಲ್ಲಿತ್ತು. ಹಾಗಾಗಿ ಹೊಸ ಅನುಮತಿಗೆ ಕಾಯಬೇಕಿರಲಿಲ್ಲ. ಒಂದೇ ವರ್ಷದಲ್ಲಿ ಸುಮಾರು 4 ಲಕ್ಷ ಜನರಿಗೆ ಅದನ್ನು ಕೊಡಲಾಯಿತು. ಕೆಲವರಿಗೆ ಕಾಮಾಲೆ ಕಾಣಿಸಿಕೊಂಡಿತು, ಯಕೃತ್ತು ಕೆಟ್ಟಿತು. 1961ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದು ಹೊರಬಿತ್ತು.

ಮೊನೊಅಮಿನ್ ಆಕ್ಸಿಡೇಸ್ ಅನ್ನು ತಡೆಯುವ ಅದೇ ಗುಂಪಿನ ಬೇರೆ ಮದ್ದುಗಳು ಉಳಿದುಕೊಂಡವು, ಆದರೆ ಅವುಗಳಿಗೆ ವಿಚಿತ್ರ ಅಪಾಯವೊಂದು ಅಂಟಿಕೊಂಡಿತ್ತು. ನಾಟಿಂಗ್‌ಹ್ಯಾಮ್‌ನ ಔಷಧ ವಿತರಕರೊಬ್ಬರು ಪತ್ರ ಬರೆದರು: ಈ ಮದ್ದು ತೆಗೆದುಕೊಳ್ಳುತ್ತಿರುವ ತಮ್ಮ ಪತ್ನಿಗೆ ಚೀಸ್ ತಿಂದಾಗಲೆಲ್ಲ ಭೀಕರ ತಲೆನೋವು ಬರುತ್ತಿದೆ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಯುವ ವೈದ್ಯ ಬ್ಯಾರಿ ಬ್ಲ್ಯಾಕ್‌ವೆಲ್ ಈ ಎಳೆಯನ್ನು ಹಿಡಿದು ಹೋಗಿ, 1963ರಲ್ಲಿ ಅದು ನಿಜವೆಂದು ವರದಿ ಮಾಡಿದರು. ಹಳೆಯ ಚೀಸ್‌ನಲ್ಲಿ ಟೈರಮಿನ್ ಎಂಬ ವಸ್ತುವಿರುತ್ತದೆ. ಸಾಮಾನ್ಯವಾಗಿ ಕರುಳು ಮತ್ತು ಯಕೃತ್ತಿನಲ್ಲಿರುವ ಇದೇ ಕಿಣ್ವ ಅದನ್ನು ನಾಶಮಾಡುತ್ತದೆ. ಮದ್ದು ಕಿಣ್ವದ ಕೈಕಟ್ಟಿದಾಗ ಟೈರಮಿನ್ ನೇರವಾಗಿ ರಕ್ತಕ್ಕೆ ಸೇರಿ ರಕ್ತದೊತ್ತಡ ಥಟ್ಟನೆ ಏರುತ್ತದೆ. ಮಿದುಳಿನಲ್ಲಿ ರಕ್ತಸ್ರಾವವಾಗಿ ಸತ್ತವರೂ ಇದ್ದಾರೆ. ದೊಡ್ಡ ಕಂಪನಿಗಳ ಕಣ್ಣಿಗೆ ಬೀಳದಿದ್ದುದು ಹೆಂಡತಿಯ ತಲೆನೋವನ್ನು ಗಮನಿಸಿದ ಒಬ್ಬ ಗಂಡನಿಗೆ ಕಂಡಿತ್ತು. ಔಷಧಗಳ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಸಂಗಗಳಲ್ಲಿ ಇದೊಂದು.

ಸರೋವರದ ಪಕ್ಕದ ಆಸ್ಪತ್ರೆ

ಅದೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಕಾನ್‌ಸ್ಟನ್ಸ್ ಸರೋವರದ ದಡದ ಮ್ಯೂನ್‌ಸ್ಟರ್ಲಿಂಗನ್ ಮಾನಸಿಕ ಆಸ್ಪತ್ರೆಯಲ್ಲಿ ರೋಲಾಂಡ್ ಕೂನ್ ಕೆಲಸ ಮಾಡುತ್ತಿದ್ದರು. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗಕ್ಕೆ ಆಗಷ್ಟೇ ಬಂದಿದ್ದ ಕ್ಲೋರ್‌ಪ್ರೊಮಜಿನ್ ಎಂಬ ಮದ್ದು ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಆದರೆ ಅದನ್ನು ಕೊಳ್ಳಲು ಆಸ್ಪತ್ರೆಯಲ್ಲಿ ಹಣವಿರಲಿಲ್ಲ. ಬಾಸೆಲ್‌ನ ಗೈಗಿ ಕಂಪನಿಯ ಬಳಿ ಅಂಥದೇ ರಚನೆಯ ಪರೀಕ್ಷಾರ್ಥ ವಸ್ತುಗಳಿದ್ದವು. ಅವುಗಳ ಮೂಲ ಅಣು 1899ರಲ್ಲಿ ಪ್ರಯೋಗಾಲಯದಲ್ಲಿ ತಯಾರಾಗಿದ್ದು, ಬಣ್ಣಗಳ ರಸಾಯನಶಾಸ್ತ್ರಕ್ಕೆ ಸೇರಿದ್ದು. ಅದರಿಂದ ಮಾಡಿದ ಜಿ 22355 ಎಂಬ ವಸ್ತುವನ್ನು ಕೂನ್ ಮೊದಲು ಕೊಟ್ಟದ್ದು ಸ್ಕಿಜೋಫ್ರೇನಿಯಾ ಇದ್ದವರಿಗೆ. ಅವರು ಶಾಂತರಾಗಲಿಲ್ಲ, ಕೆಲವರಂತೂ ಮತ್ತಷ್ಟು ಕೆರಳಿದರು.

ಪ್ರಯೋಗ ಅಲ್ಲಿಗೇ ಮುಗಿಯಬಹುದಿತ್ತು. ಕೆರಳಿಸುವ ಮದ್ದು ಕುಗ್ಗಿದವರನ್ನು ಎಬ್ಬಿಸಬಹುದೇ ಎಂದು ಕೂನ್ ಕೇಳಿಕೊಂಡರು. 1956ರ ಜನವರಿಯಲ್ಲಿ ತೀವ್ರ ಖಿನ್ನತೆಯಿದ್ದ ಒಬ್ಬ ಮಹಿಳೆಗೆ ಅದನ್ನು ಕೊಟ್ಟರು. ಆರು ದಿನಗಳಲ್ಲಿ ಆಕೆಯ ನಡೆನುಡಿ ಎದ್ದುಕಾಣುವಂತೆ ಬದಲಾಯಿತು. 1957ರ ಆಗಸ್ಟ್‌ನಲ್ಲಿ ಕೂನ್ 40 ರೋಗಿಗಳ ಅನುಭವವನ್ನು ಪ್ರಕಟಿಸಿದರು. ಮರುತಿಂಗಳು ಜ್ಯೂರಿಕ್‌ನಲ್ಲಿ ನಡೆದ ವಿಶ್ವ ಮನೋವೈದ್ಯಕೀಯ ಸಮ್ಮೇಳನದಲ್ಲಿ ಅವರು ಇದನ್ನು ಮಂಡಿಸಿದಾಗ ಎದುರಿಗೆ ಕೂತಿದ್ದವರು ಹನ್ನೆರಡು ಜನರಷ್ಟೇ ಎನ್ನುತ್ತಾರೆ. ಆ ಮದ್ದು ಇಮಿಪ್ರಮಿನ್. ಮೂರು ಉಂಗುರಗಳ ರಚನೆಯಿಂದಾಗಿ ಟ್ರೈಸೈಕ್ಲಿಕ್ ಎಂದು ಹೆಸರಾದ ಗುಂಪಿನ ಮೊದಲನೆಯದು. 1961ರಲ್ಲಿ ಬಂದ ಅಮಿಟ್ರಿಪ್ಟಿಲಿನ್ ಅದೇ ಗುಂಪಿನದು, ಇಂದಿಗೂ ಬಳಕೆಯಲ್ಲಿದೆ.

ಕೂನ್ ಅಂಕಪಟ್ಟಿಗಳನ್ನೂ ಸಂಖ್ಯಾಶಾಸ್ತ್ರೀಯ ಪ್ರಯೋಗಗಳನ್ನೂ ನಂಬಿದವರಲ್ಲ. ರೋಗಿಯ ಮುಂದೆ ಕೂತು, ಮಾತಾಡಿಸಿ, ಮುಖ ನೋಡಿ ತಿಳಿಯುವುದೇ ವಿಜ್ಞಾನ ಎಂಬುದು ಅವರ ನಿಲುವು. ಆ ಗಮನವಿಲ್ಲದಿದ್ದರೆ ಇಮಿಪ್ರಮಿನ್ ಸಿಗುತ್ತಲೇ ಇರಲಿಲ್ಲ. ಆದರೆ ಅದೇ ಆಸ್ಪತ್ರೆಯ ಬಗ್ಗೆ ಇನ್ನೊಂದನ್ನೂ ಹೇಳಲೇಬೇಕು. ಇತಿಹಾಸಕಾರರು ದಾಖಲೆಗಳನ್ನು ಅಗೆದು ತೆಗೆದು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿ ದಶಕಗಳ ಕಾಲ ಹತ್ತಾರು ಪರೀಕ್ಷಾರ್ಥ ವಸ್ತುಗಳನ್ನು ಅಪಾರ ಸಂಖ್ಯೆಯ ರೋಗಿಗಳಿಗೆ ಕೊಡಲಾಗಿತ್ತು; ಅವರಲ್ಲಿ ಹಲವರಿಗೆ ತಮ್ಮ ಮೇಲೆ ಪ್ರಯೋಗ ನಡೆಯುತ್ತಿದೆ ಎಂಬುದೇ ತಿಳಿದಿರಲಿಲ್ಲ. ಇಂದು ಯಾರಿಗಾದರೂ ಸಿಗುತ್ತಿರುವ ನೆಮ್ಮದಿಯಲ್ಲಿ, ಕೇಳದೆ ಬಳಸಿಕೊಂಡ ಆ ಜನರ ಪಾಲೂ ಇದೆ.

ಸರ್ಪಗಂಧಿಯಿಂದ ಹುಟ್ಟಿದ ಊಹೆ

ಎರಡು ಮದ್ದುಗಳು ಕೈಯಲ್ಲಿದ್ದವು. ಅವು ಖಿನ್ನತೆಯನ್ನು ಹೇಗೆ ಇಳಿಸುತ್ತವೆ ಎಂಬುದು ಗೊತ್ತಿರಲಿಲ್ಲ. ಉತ್ತರದ ತುದಿ ಸಿಕ್ಕಿದ್ದು ಸರ್ಪಗಂಧಿಯ ಬೇರಿನಲ್ಲಿ.

ಭಾರತದಲ್ಲಿ ಶತಮಾನಗಳಿಂದ ಬಳಕೆಯಲ್ಲಿರುವ ಈ ಗಿಡದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ, ಉದ್ರಿಕ್ತ ಮನಸ್ಸನ್ನು ತಣಿಸುತ್ತದೆ ಎಂದು ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅದರಿಂದ ರೆಸರ್ಪಿನ್ ಅನ್ನು ಬೇರ್ಪಡಿಸಿತು. ರಕ್ತದೊತ್ತಡಕ್ಕೆ ಅದನ್ನು ತೆಗೆದುಕೊಂಡ ಕೆಲವರು ಖಿನ್ನತೆಗೆ ಜಾರುತ್ತಾರೆ ಎಂಬ ವರದಿಗಳು ಬಂದವು. 1955ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಬರ್ನಾರ್ಡ್ ಬ್ರೋಡಿ ತಂಡ ರೆಸರ್ಪಿನ್ ದೇಹದ ಸೆರೊಟೋನಿನ್ ದಾಸ್ತಾನನ್ನು ಖಾಲಿ ಮಾಡುತ್ತದೆಂದು ತೋರಿಸಿತು.

ಇಲ್ಲಿ ಸ್ವಲ್ಪ ನಿಂತು ನರಕೋಶದ ವ್ಯವಹಾರವನ್ನು ನೋಡಬೇಕು. ಒಂದು ನರಕೋಶಕ್ಕೂ ಮತ್ತೊಂದಕ್ಕೂ ನಡುವೆ ಅತಿ ಕಿರಿದಾದ ಸಂದಿಯಿದೆ. ಈಚೆಯ ಕೋಶ ತನ್ನ ಪುಟ್ಟ ಚೀಲಗಳಲ್ಲಿ ಕೂಡಿಟ್ಟ ರಾಸಾಯನಿಕವನ್ನು ಸಂದಿಗೆ ಸುರಿಯುತ್ತದೆ. ಅದು ಆಚೆಯ ಕೋಶಕ್ಕೆ ತಗುಲಿ ಸಂದೇಶ ಮುಟ್ಟಿಸುತ್ತದೆ. ಆಮೇಲೆ ಈಚೆಯ ಕೋಶವೇ ಪಂಪಿನಂತಹ ಒಂದು ಪ್ರೋಟೀನಿನ ಮೂಲಕ ಅದನ್ನು ಮರಳಿ ಒಳಗೆಳೆದುಕೊಳ್ಳುತ್ತದೆ. ಒಳಗೆ ಹೋದದ್ದರಲ್ಲಿ ಒಂದಷ್ಟನ್ನು ಕಿಣ್ವ ಒಡೆಯುತ್ತದೆ. ಇಪ್ರೊನಿಯಜಿಡ್ ಒಡೆಯುವ ಕಿಣ್ವವನ್ನು ತಡೆಯುತ್ತದೆ. ಇಮಿಪ್ರಮಿನ್ ಆ ಪಂಪನ್ನೇ ತಡೆಯುತ್ತದೆ ಎಂಬುದನ್ನು 1961ರ ಹೊತ್ತಿಗೆ ಜೂಲಿಯಸ್ ಆಕ್ಸೆಲ್‌ರಾಡ್ ತೋರಿಸಿದರು. 1970ರ ನೊಬೆಲ್ ಪ್ರಶಸ್ತಿ ಅವರಿಗೆ ಬರಲು ಮರುಹೀರಿಕೆಯ ಈ ಸಂಶೋಧನೆಯೂ ಕಾರಣ. ರೆಸರ್ಪಿನ್ ಚೀಲಗಳನ್ನೇ ಬರಿದು ಮಾಡುತ್ತದೆ. ಬರಿದಾದರೆ ಖಿನ್ನತೆ, ತುಂಬಿದರೆ ಗುಣ! ಮೂರು ಎಳೆಗಳು ಇಷ್ಟು ಚೆನ್ನಾಗಿ ಹೊಂದಿಕೊಂಡಾಗ ಮನಸೋಲದಿರುವುದು ಯಾವ ವಿಜ್ಞಾನಿಗೂ ಕಷ್ಟ.

1965ರಲ್ಲಿ ಜೋಸೆಫ್ ಶಿಲ್ಡ್‌ಕ್ರೌಟ್ ಈ ಊಹೆಗೆ ರೂಪ ಕೊಟ್ಟು ನಾರ್‌ಅಡ್ರಿನಲಿನ್ ಕಡೆ ಬೆರಳು ತೋರಿಸಿದರು. ಎರಡು ವರ್ಷಗಳ ನಂತರ ಬ್ರಿಟನ್ನಿನ ಅಲೆಕ್ ಕಾಪೆನ್ ಸೆರೊಟೋನಿನ್ ಪರವಾಗಿ ವಾದಿಸಿದರು. ಶಿಲ್ಡ್‌ಕ್ರೌಟ್ ತಮ್ಮ ಲೇಖನದಲ್ಲೇ ಎಚ್ಚರಿಸಿದ್ದರು: ಇದು ಬಹು ಸಂಕೀರ್ಣವಾದ ಸ್ಥಿತಿಯೊಂದರ ಅತಿ ಸರಳೀಕರಣ. ಆ ಎಚ್ಚರಿಕೆ ದಾರಿಯಲ್ಲೇ ಕಳೆದುಹೋಯಿತು. ಇನ್ನೊಂದು ಅಧ್ಯಯನವೂ ಮರೆತುಹೋಯಿತು. 1955ರಲ್ಲಿ ಲಂಡನ್ನಿನ ಡೇವಿಸ್ ಮತ್ತು ಶೆಪರ್ಡ್ ಆತಂಕ ಹಾಗೂ ಖಿನ್ನತೆಯಿದ್ದವರಿಗೆ ರೆಸರ್ಪಿನ್ ಅನ್ನೇ ಕೊಟ್ಟು, ಮದ್ದಿಲ್ಲದ ಹುಸಿಮಾತ್ರೆಯೊಂದಿಗೆ ಹೋಲಿಸಿ ನೋಡಿದ್ದರು. ರೆಸರ್ಪಿನ್ ಪಡೆದವರೇ ಹೆಚ್ಚು ಚೇತರಿಸಿಕೊಂಡಿದ್ದರು. ಊಹೆಯ ಮೂರು ಎಳೆಗಳಲ್ಲಿ ಒಂದು ಮೊದಲಿನಿಂದಲೇ ದುರ್ಬಲವಾಗಿತ್ತು.

ತರ್ಕದ ತೊಡಕು ಇನ್ನೂ ಸರಳವಾಗಿದೆ. ಅಳುವ ಮಗುವನ್ನು ತೂಗಿದರೆ ಅದು ನಿದ್ದೆಹೋಗುತ್ತದೆ. ಹಾಗೆಂದು ತೂಗದಿದ್ದುದೇ ಅಳುವಿಗೆ ಕಾರಣ ಎನ್ನಲಾಗದು. ಅದಕ್ಕೆ ಹಸಿವಿದ್ದಿರಬಹುದು, ಹೊಟ್ಟೆನೋವಿದ್ದಿರಬಹುದು. ತೂಗಿದ್ದರಿಂದ ಉಪಯೋಗವಾಯಿತು ಎಂಬುದು ಮಾತ್ರ ಅಷ್ಟೇ ನಿಜ.

ಫ್ಲುಯೊಕ್ಸೆಟಿನ್ ಬಂದ ಮೇಲೆ

ಟ್ರೈಸೈಕ್ಲಿಕ್‌ಗಳು ಬಾಯಿ ಒಣಗಿಸುತ್ತಿದ್ದವು, ಮಂಪರು ತರುತ್ತಿದ್ದವು. ಅದಕ್ಕಿಂತ ಘೋರವಾದದ್ದು, ಒಮ್ಮೆಲೇ ಹೆಚ್ಚು ನುಂಗಿದರೆ ಹೃದಯದ ಬಡಿತ ಹದಗೆಟ್ಟು ಸಾವು ಬರುತ್ತಿತ್ತು. ಸಾಯುವ ಯೋಚನೆ ಕಾಡುತ್ತಿರುವವರ ಕೈಗೆ ಅಂಥ ಮದ್ದು ಕೊಟ್ಟು ಕಳಿಸಬೇಕಾದ ವೈದ್ಯರ ಸಂಕಟವನ್ನು ಯೋಚಿಸಿ. ಸೆರೊಟೋನಿನ್ ಪಂಪನ್ನು ಮಾತ್ರ ತಡೆದು ಉಳಿದದ್ದನ್ನು ಮುಟ್ಟದ ಮದ್ದು ಬೇಕಿತ್ತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅವರ ಸಂಶೋಧನೆಯಿಂದ ಬಂದ ಝಿಮೆಲಿಡಿನ್ 1982ರಲ್ಲಿ ಮಾರುಕಟ್ಟೆಗೆ ಬಂತು. ಕೆಲವರಲ್ಲಿ ಗಿಯನ್-ಬಾರೆ ಎಂಬ ನರಗಳ ಕಾಯಿಲೆ ಕಾಣಿಸಿಕೊಂಡದ್ದರಿಂದ ಮರುವರ್ಷವೇ ಹಿಂದಕ್ಕೆ ಹೋಯಿತು.

ಅಮೆರಿಕದ ಎಲೈ ಲಿಲ್ಲಿ ಕಂಪನಿಯಲ್ಲಿ ಬ್ರಯನ್ ಮಲಾಯ್, ರೇ ಫುಲ್ಲರ್, ಡೇವಿಡ್ ವಾಂಗ್ ಅವರ ತಂಡ ಅಲರ್ಜಿಗೆ ಕೊಡುವ ಡೈಫೆನ್‌ಹೈಡ್ರಮಿನ್ ಎಂಬ ಅಣುವಿನಿಂದ ಆರಂಭಿಸಿ 1972ರಲ್ಲಿ ಫ್ಲುಯೊಕ್ಸೆಟಿನ್ ಅನ್ನು ತಲುಪಿತು. ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1987ರ ಡಿಸೆಂಬರ್‌ನಲ್ಲಿ. ಪ್ರೊಜ್ಯಾಕ್ ಎಂಬ ಹೆಸರಿನಲ್ಲಿ ಅದು ಪಡೆದ ಪ್ರಸಿದ್ಧಿ ಎಷ್ಟೆಂದರೆ, 1990ರಲ್ಲಿ ನ್ಯೂಸ್‌ವೀಕ್ ಪತ್ರಿಕೆ ಆ ಹಸಿರು-ಬಿಳಿ ಗುಳಿಗೆಯನ್ನೇ ಮುಖಪುಟಕ್ಕೆ ಹಾಕಿತು. ಸರ್ಟ್ರಲಿನ್, ಪ್ಯಾರಾಕ್ಸೆಟಿನ್, ಸಿಟಲೊಪ್ರಾಮ್, ಎಸ್‌ಸಿಟಲೊಪ್ರಾಮ್ ಎಲ್ಲವೂ ಇದೇ ವಂಶದವು.

ಇವು ಹಳೆಯವುಗಳಿಗಿಂತ ಹೆಚ್ಚು ಗುಣ ಕೊಟ್ಟವು ಎಂದೇನೂ ಅಲ್ಲ. ಇವುಗಳ ನಿಜವಾದ ದೊಡ್ಡತನ ಬೇರೆ: ಇವುಗಳನ್ನು ಹೆಚ್ಚು ನುಂಗಿ ಸಾಯುವುದು ಬಹಳ ಕಷ್ಟ. ಮನೋವೈದ್ಯರಲ್ಲದ ಸಾಮಾನ್ಯ ವೈದ್ಯರೂ ಧೈರ್ಯವಾಗಿ ಬರೆದುಕೊಡುವಂತಾಯಿತು, ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದಿದ್ದ ಲಕ್ಷಾಂತರ ಜನರಿಗೆ ಚಿಕಿತ್ಸೆ ಸಿಕ್ಕಿತು. ಜೊತೆಗೆ ಜಾಹೀರಾತುಗಳು ಹಳೆಯ ಊಹೆಯನ್ನು ಸಾಬೀತಾದ ಸತ್ಯವೆಂಬಂತೆ ಮನೆಮನೆಗೆ ಮುಟ್ಟಿಸಿದವು. "ರಾಸಾಯನಿಕ ಅಸಮತೋಲನ" ಎಂಬ ನುಡಿ ಬೇರುಬಿಟ್ಟದ್ದು ಆಗ.

ಕಪಾಟಿನಲ್ಲಿ ಉಳಿದ ಫಲಿತಾಂಶಗಳು

ಮದ್ದು ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಅರ್ಧ ಜನರಿಗೆ ಮದ್ದು, ಉಳಿದರ್ಧಕ್ಕೆ ನೋಡಲು ಹಾಗೆಯೇ ಇರುವ ಹುಸಿಮಾತ್ರೆ ಕೊಡುತ್ತಾರೆ. ಖಿನ್ನತೆಯಲ್ಲಿ ಹುಸಿಮಾತ್ರೆ ಪಡೆದವರೂ ಗಣನೀಯವಾಗಿ ಚೇತರಿಸಿಕೊಳ್ಳುತ್ತಾರೆ. ಯಾರೋ ಗಮನಿಸುತ್ತಿದ್ದಾರೆ ಎಂಬ ಭರವಸೆ, ಕಾಲಕ್ರಮದಲ್ಲಿ ತಾನಾಗಿ ಇಳಿಯುವ ಕಾಯಿಲೆಯ ಸ್ವಭಾವ ಎರಡೂ ಅದರಲ್ಲಿ ಸೇರಿವೆ. ಆದ್ದರಿಂದ ಲೆಕ್ಕಕ್ಕೆ ಬರುವುದು ಎರಡರ ನಡುವಿನ ಅಂತರ ಮಾತ್ರ.

ಆ ಅಂತರ ಕಾಣದ ಪ್ರಯೋಗಗಳು ಏನಾದವು? 2008ರಲ್ಲಿ ಎರಿಕ್ ಟರ್ನರ್ ಮತ್ತು ಸಂಗಡಿಗರು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಗೆ ಸಲ್ಲಿಕೆಯಾಗಿದ್ದ 12 ಖಿನ್ನತೆ ನಿವಾರಕಗಳ 74 ಪ್ರಯೋಗಗಳನ್ನು ಒಂದೊಂದಾಗಿ ನೋಡಿದರು. ಅನುಕೂಲಕರ ಫಲಿತಾಂಶ ಬಂದ 38 ಪ್ರಯೋಗಗಳಲ್ಲಿ 37 ಪ್ರಕಟವಾಗಿದ್ದವು. ಅನುಕೂಲವಲ್ಲದ ಅಥವಾ ಅನುಮಾನಾಸ್ಪದವಾದ 36ರಲ್ಲಿ 22 ಬೆಳಕಿಗೇ ಬಂದಿರಲಿಲ್ಲ. 11 ಪ್ರಕಟವಾಗಿದ್ದರೂ ಅನುಕೂಲಕರ ಎನ್ನಿಸುವಂತೆ ಬರೆಯಲಾಗಿತ್ತು. ಸೋತದ್ದನ್ನು ಸೋಲೆಂದೇ ಹೇಳಿದ್ದು ಮೂರು ಮಾತ್ರ. ಪತ್ರಿಕೆ ಓದಿ ಮದ್ದು ಬರೆಯುತ್ತಿದ್ದ ಪ್ರಾಮಾಣಿಕ ವೈದ್ಯರನ್ನೂ ಇದು ದಾರಿತಪ್ಪಿಸಿತು. ಇಡೀ ಇತಿಹಾಸದಲ್ಲಿ ನನ್ನನ್ನು ಸಿಟ್ಟಿಗೇಳಿಸುವ ಅಧ್ಯಾಯ ಇದೇ.

2004ರಲ್ಲಿ ಅದೇ ಸಂಸ್ಥೆ ಮಕ್ಕಳು ಮತ್ತು ಹದಿಹರೆಯದವರಲ್ಲಿ ಈ ಮದ್ದುಗಳು ಆತ್ಮಹತ್ಯೆಯ ಯೋಚನೆಯನ್ನು ಹೆಚ್ಚಿಸಬಹುದು ಎಂಬ ಕಪ್ಪುಚೌಕಟ್ಟಿನ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. 2007ರಲ್ಲಿ ಅದನ್ನು 24 ವರ್ಷದವರೆಗಿನ ಯುವಜನರಿಗೂ ವಿಸ್ತರಿಸಿತು. ಹಾಗಾಗಿಯೇ ಚಿಕಿತ್ಸೆಯ ಮೊದಲ ವಾರಗಳಲ್ಲಿ ಮನೆಯವರು, ವೈದ್ಯರು ಹೆಚ್ಚು ಗಮನವಿಡಬೇಕೆನ್ನುವುದು.

ಹಾಗಾದರೆ ಒಟ್ಟು ಲೆಕ್ಕವೇನು? 2018ರಲ್ಲಿ ಆಂಡ್ರಿಯಾ ಚಿಪ್ರಿಯಾನಿ ತಂಡ ಪ್ರಕಟವಾದ ಮತ್ತು ಆಗದ 522 ಪ್ರಯೋಗಗಳನ್ನು, ಒಟ್ಟು 1,16,477 ಜನರ ಮಾಹಿತಿಯನ್ನು ಒಟ್ಟುಗೂಡಿಸಿತು. ಪರಿಶೀಲಿಸಿದ 21 ಮದ್ದುಗಳೂ ವಯಸ್ಕರಲ್ಲಿ ಹುಸಿಮಾತ್ರೆಗಿಂತ ಮೇಲೆಂದು ಕಂಡುಬಂತು. ಸರಾಸರಿ ಅಂತರ ದೊಡ್ಡದಲ್ಲ. ಸರಾಸರಿ ಎಂಬುದರೊಳಗೆ ಬದುಕೇ ಮರಳಿ ಸಿಕ್ಕವರೂ ಇದ್ದಾರೆ, ಏನೂ ಆಗದವರೂ ಇದ್ದಾರೆ. ಯಾರು ಯಾವ ಗುಂಪಿಗೆ ಸೇರುತ್ತಾರೆಂದು ಮೊದಲೇ ಹೇಳುವ ಪರೀಕ್ಷೆ ಇನ್ನೂ ಬಂದಿಲ್ಲ. ಒಂದು ಮದ್ದು ಹಿಡಿಸದಿದ್ದರೆ ಇನ್ನೊಂದನ್ನು ನೋಡುವುದು ಅದಕ್ಕೇ.

ವಾರಗಳು ಏಕೆ ಬೇಕು

ಆರಂಭದ ಒಗಟಿಗೆ ಮರಳೋಣ. 2022ರಲ್ಲಿ ಜೊಅನಾ ಮಾಂಕ್ರೀಫ್ ಮತ್ತು ಸಂಗಡಿಗರು ದಶಕಗಳ ಅಧ್ಯಯನಗಳನ್ನು ಪರಿಶೀಲಿಸಿ, ಸೆರೊಟೋನಿನ್ ಕಡಿಮೆಯಾಗುವುದೇ ಖಿನ್ನತೆಗೆ ಕಾರಣವೆಂಬುದಕ್ಕೆ ಸುಸಂಗತ ಪುರಾವೆಯಿಲ್ಲ ಎಂದರು. ಇದನ್ನು ಓದಿ ಮದ್ದೇ ಸುಳ್ಳು ಎಂದುಕೊಂಡವರಿದ್ದಾರೆ. ಅದು ತಪ್ಪು. ವಿವರಣೆ ಬಿದ್ದುಹೋಗಬಹುದು, ಪ್ರಯೋಗಗಳಲ್ಲಿ ಅಳೆದ ಪರಿಣಾಮ ಅದರ ಜೊತೆ ಬಿದ್ದುಹೋಗುವುದಿಲ್ಲ.

ಆಕ್ಸ್‌ಫರ್ಡ್‌ನ ಕ್ಯಾಥರಿನ್ ಹಾರ್ಮರ್ ಒಂದು ಸೊಗಸಾದ ದಾರಿ ತೋರಿಸಿದ್ದಾರೆ. ಖಿನ್ನತೆಯಲ್ಲಿರುವವರು ಎದುರಿಗಿನ ಮುಖದಲ್ಲಿ ಸಂತೋಷವನ್ನು ಗುರುತಿಸುವುದು ಕಡಿಮೆ, ಬೇಸರವನ್ನೇ ಬೇಗ ಕಾಣುತ್ತಾರೆ. ಮದ್ದಿನ ಮೊದಲ ಗುಳಿಗೆಯ ನಂತರವೇ ಈ ವಾಲಿಕೆ ಸ್ವಲ್ಪ ತಿದ್ದಿಕೊಳ್ಳಬಹುದು, ಮನಸ್ಸಿಗೆ ಮಾತ್ರ ಅದು ಇನ್ನೂ ಗೊತ್ತಾಗಿರುವುದಿಲ್ಲ. ದಿನಗಳೆದಂತೆ ಜನರ ಮುಖ, ಮಾತು ಬೇರೆಯಾಗಿ ಕಾಣತೊಡಗಿ, ಆ ಸಣ್ಣ ಅನುಭವಗಳು ಕೂಡಿಕೊಂಡು ಮನಸ್ಸು ಏಳುತ್ತದೆ. ಇನ್ನು ಕೆಲವು ವಿಜ್ಞಾನಿಗಳು ಮದ್ದು ನರಕೋಶಗಳ ನಡುವಿನ ಸಂಪರ್ಕಗಳನ್ನು ಮತ್ತೆ ಬೆಳೆಯುವಂತೆ ಮಾಡುತ್ತದೆ, ಬೆಳವಣಿಗೆಗೆ ಕಾಲ ಬೇಕು ಎನ್ನುತ್ತಾರೆ. ಎರಡೂ ಸರಿಯಿರಬಹುದು.

ಮಿದುಳು ಹೀಗೆ ಮದ್ದಿಗೆ ಹೊಂದಿಕೊಳ್ಳುವುದರಿಂದಲೇ ಬಿಡುವಾಗಲೂ ಕಾಲ ಬೇಕು. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಆತಂಕ, ನಿದ್ದೆಗೇಡು, ತಲೆಯೊಳಗೆ ವಿದ್ಯುತ್ ಹರಿದಂತಹ ಅನುಭವ ಆಗಬಹುದು. ಪ್ಯಾರಾಕ್ಸೆಟಿನ್, ವೆನ್ಲಫ್ಯಾಕ್ಸಿನ್‌ನಂತಹ ಬೇಗ ದೇಹ ಬಿಡುವ ಮದ್ದುಗಳಲ್ಲಿ ಇದು ಹೆಚ್ಚು. ಇದನ್ನು ಅನುಭವಿಸಿದವರ ಮಾತಿಗೆ ಬಹುಕಾಲ ಕಿವಿಗೊಟ್ಟವರಿರಲಿಲ್ಲ. ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು ಇದು ಕೆಲವರಲ್ಲಿ ತೀವ್ರವೂ ದೀರ್ಘವೂ ಆಗಬಹುದೆಂದು ಒಪ್ಪಿದ್ದು 2019ರಲ್ಲಿ. ಇಲ್ಲೊಂದು ಲೆಕ್ಕ ತಿಳಿದಿರಬೇಕು. ಸಾಮಾನ್ಯ ಪ್ರಮಾಣದಲ್ಲೇ ಮದ್ದು ಸೆರೊಟೋನಿನ್ ಪಂಪುಗಳಲ್ಲಿ ಸುಮಾರು ಶೇಕಡ 80ರಷ್ಟನ್ನು ಹಿಡಿದಿಟ್ಟಿರುತ್ತದೆ. ಪ್ರಮಾಣವನ್ನು ಅರ್ಧ ಮಾಡಿದರೆ ಹಿಡಿತ ಅರ್ಧವಾಗುವುದಿಲ್ಲ, ಸ್ವಲ್ಪವೇ ಸಡಿಲವಾಗುತ್ತದೆ. ಕೊನೆಯ ಪುಟ್ಟ ತುಣುಕಿನಿಂದ ಸೊನ್ನೆಗೆ ಇಳಿಯುವಾಗ ಒಮ್ಮೆಲೇ ಕುಸಿಯುತ್ತದೆ. ಆದ್ದರಿಂದ ಕಡೆಯ ಮೆಟ್ಟಿಲುಗಳು ಅತಿ ಸಣ್ಣವಾಗಿರಬೇಕು, ವೈದ್ಯರ ಜೊತೆಗೂಡಿ ಇಳಿಯಬೇಕು.

ವಾರಗಟ್ಟಲೆ ಕಾಯಬೇಕೆಂಬ ನಿಯಮವನ್ನು ಮುರಿದದ್ದು ಮತ್ತೊಂದು ಹಳೆಯ ಮದ್ದು. 1962ರಲ್ಲಿ ಅರಿವಳಿಕೆಗೆಂದು ತಯಾರಾದ ಕೆಟಮಿನ್ ಅನ್ನು ಯೇಲ್‌ನ ಸಂಶೋಧಕರು ಖಿನ್ನತೆಯಿದ್ದ ಏಳು ಜನರಿಗೆ ಕೊಟ್ಟು, ಕೆಲವೇ ಗಂಟೆಗಳಲ್ಲಿ ಮನಸ್ಸು ಹಗುರಾದದ್ದನ್ನು 2000ದಲ್ಲಿ ವರದಿ ಮಾಡಿದರು. ಅದರ ಸೋದರ ರೂಪವಾದ ಎಸ್‌ಕೆಟಮಿನ್‌ಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬೇರೆ ಮದ್ದುಗಳಿಗೆ ಬಗ್ಗದ ಖಿನ್ನತೆಗೆ, ವೈದ್ಯರ ಕಣ್ಣೆದುರೇ ಮೂಗಿಗೆ ಸಿಂಪಡಿಸಿಕೊಳ್ಳುವ ಔಷಧವಾಗಿ. ಅದು ಸೆರೊಟೋನಿನ್ ತಂಟೆಗೇ ಹೋಗದೆ ಗ್ಲುಟಮೇಟ್ ಎಂಬ ಇನ್ನೊಂದು ರಾಸಾಯನಿಕದ ಮೂಲಕ ಕೆಲಸ ಮಾಡುತ್ತದೆಂದು ಎಲ್ಲರೂ ತಿಳಿದಿದ್ದರು. 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ಒಂದು ಚಿಕ್ಕ ಪ್ರಯೋಗದಲ್ಲಿ, ಅಫೀಮಿನಂತಹ ವಸ್ತುಗಳು ಮಿದುಳಿನಲ್ಲಿ ಹೋಗಿ ಕೂರುವ ಜಾಗವನ್ನು ಮೊದಲೇ ಮುಚ್ಚಿ ಕೆಟಮಿನ್ ಕೊಟ್ಟಾಗ, ಖಿನ್ನತೆಯ ಮೇಲಿನ ಅದರ ಪರಿಣಾಮ ಬಹುಮಟ್ಟಿಗೆ ಇಲ್ಲವಾಯಿತು. ಹತ್ತೊಂಬತ್ತನೆಯ ಶತಮಾನದ ವೈದ್ಯರು ಅಫೀಮಿನ ದ್ರಾವಣದಿಂದ ತಟ್ಟುತ್ತಿದ್ದ ಬಾಗಿಲು ಅದೇ. ಆ ಫಲಿತಾಂಶದ ಅರ್ಥವೇನೆಂಬ ವಾದ ಇನ್ನೂ ನಡೆಯುತ್ತಿದೆ.